ಹೊಳೆ ಇಳಿದ ಮೇಲೆ ಗಾಡಿಯೊಳಗೆ



ಚಿಕ್ಕೋಡಿ ಆರ್‌ಟಿಒ ಕಚೇರಿಯ ಕೆಎ 23 ನಂಬರಿನ ಲಾರಿ, ಟ್ರ್ಯಾಕ್ಟರುಗಳ ವರ್ಷ ಕಬ್ಬಿನ ಹಂಗಾಮಿನ ಸುತ್ತ ತಿರುಗುತ್ತದೆ. ಕಾರ್ಖಾನೆಗಳಲ್ಲಿ ಬಾಯ್ಲರ್ ಪೂಜೆ ಆಗಿ ಕಬ್ಬು ಅರೆಯುವುದು ಶುರುವಾಯಿತೆಂದರೆ ಈ ಗಾಡಿಗಳಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಉಗಾರದಲ್ಲಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಕಾರ್ಖಾನೆಯಲ್ಲಿ, ನಿಪ್ಪಾಣಿಯ ಹಾಲಸಿದ್ಧನಾಥದಲ್ಲಿ ಅವು ಸಾಲುಗಟ್ಟಿ ಪಾಳಿ ಕಾಯುತ್ತವೆ. ಬೇಸಿಗೆಗೆ ಹಂಗಾಮು ಮುಗಿಯುತ್ತದೆ. ಮೃಗಶಿರ ಮಳೆ ಬೀಳುವ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಮನೆಯ ಮುಂದೆ, ಹೊಲದ ಬದುವಿನಲ್ಲಿ, ತಾಡಪತ್ರಿ ಹೊದ್ದು ನಿಂತುಬಿಡುತ್ತವೆ. ಗಾಜು ಏರಿಸಿ, ಬಾಗಿಲು ಹಾಕಿ, ಕೀಲಿ ಗೂಟಕ್ಕೆ ತೂಗುಹಾಕಿದರೆ ಮತ್ತೆ ನೆನಪಾಗುವುದು ದಸರೆಯ ಹೊತ್ತಿಗೆ.

ಆಗ ಬಾಗಿಲು ತೆರೆದವರಿಗೆ ಮೊದಲು ಸಿಗುವುದು ಮುಗ್ಗು ವಾಸನೆ. ಸೀಟಿನ ಹೊಲಿಗೆಯ ಸಂದಿಯಲ್ಲಿ ಬೂದು ಬಣ್ಣದ ಚುಕ್ಕೆ, ಸ್ಟೀರಿಂಗಿನ ಮೇಲೆ ಬೆವರಿನ ಕೈ ಹಿಡಿದ ಜಾಗದಲ್ಲೇ ಬಿಳಿ ಪುಡಿ, ಡ್ರೈವರ್ ಸೀಟಿನ ಹಿಂದೆ ಮಡಚಿಟ್ಟ ರಗ್ಗಿನ ಮಡಿಕೆಯಲ್ಲಿ ಹಸಿರು ಮಚ್ಚೆ. ಗಾಡಿಗೆ ಬೂಷ್ಟು ಹಿಡಿದಿರುತ್ತದೆ.

ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇದ್ದೇ ಇರುತ್ತವೆ. ಶೋರೂಮಿನಿಂದ ನಿನ್ನೆ ಹೊರಬಿದ್ದ ಕಾರಿನಲ್ಲೂ ಇರುತ್ತವೆ. ಅವು ಮೊಳೆಯಲು ತೇವ ಬೇಕು, ತಿನ್ನಲು ಏನಾದರೂ ಬೇಕು, ಸ್ವಲ್ಪ ಬೆಚ್ಚಗಿನ ಹವೆ ಬೇಕು. ತಿನ್ನಲು ಗಾಡಿಯೊಳಗೆ ಕೊರತೆಯಿಲ್ಲ. ಸೀಟಿನ ಬಟ್ಟೆ, ಕಾರ್ಪೆಟ್ಟಿನ ಕೆಳಗಿನ ನಾರು, ಮೈಯಿಂದ ಉದುರಿದ ಚರ್ಮದ ಹೊಟ್ಟು, ಚೆಲ್ಲಿದ ಚಹಾ, ಸಂದಿಗೆ ಬಿದ್ದ ಚುರಮುರಿ, ಬೆಲ್ಲದ ಚೂರು, ಬರೀ ಧೂಳಾದರೂ ಸಾಕು. ಹವೆಯಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಹೇಳಿಮಾಡಿಸಿದ್ದು. ಹೀಗಾಗಿ ಮನುಷ್ಯನ ಕೈಯಲ್ಲಿ ಉಳಿಯುವುದು ತೇವವೊಂದೇ. ಒದ್ದೆಯಾದ ಬಟ್ಟೆ, ಸ್ಪಂಜು 24ರಿಂದ 48 ತಾಸಿನೊಳಗೆ ಒಣಗಿದರೆ ಬೂಷ್ಟು ಸಾಮಾನ್ಯವಾಗಿ ಏಳುವುದಿಲ್ಲ. ಅದರಾಚೆ ತೇವ ಉಳಿಯಿತೋ, ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ ಜಾತಿಯ ಬೂಷ್ಟುಗಳು ಎಳೆ ಬಿಡಲು ಶುರುಮಾಡುತ್ತವೆ. ಕಣ್ಣಿಗೆ ಮಚ್ಚೆ ಕಾಣುವ ಹೊತ್ತಿಗೆ ಅದು ಒಳಗೆ ಹರಡಿ ದಿನಗಳಾಗಿರುತ್ತವೆ.

ವಾಸನೆಯ ಕಿರಿಕಿರಿಯಷ್ಟೇ ಆಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕಟ್ಟಡಗಳೊಳಗಿನ ತೇವ ಮತ್ತು ಬೂಷ್ಟಿನ ಬಗ್ಗೆ ಮಾರ್ಗಸೂಚಿ ತಂದಿತು. ಅಂಥ ಜಾಗದಲ್ಲಿ ಇರುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ತೊಂದರೆ ಹೆಚ್ಚೆಂದು ಅದು ಹೇಳುತ್ತದೆ. ಇಷ್ಟು ಬೂಷ್ಟು ಇದ್ದರೆ ಅಪಾಯವಿಲ್ಲ ಎಂದು ಗೆರೆ ಎಳೆಯಲು ಆಗದು, ಆದ್ದರಿಂದ ತೇವವನ್ನೇ ತಡೆಯಬೇಕು ಎಂಬುದು ಅದರ ನಿಲುವು. ಮನೆಗಿಂತ ಗಾಡಿ ಎಷ್ಟೋ ಪಾಲು ಚಿಕ್ಕದು. ಗಾಜು ಏರಿಸಿಕೊಂಡು ಹೊರಟ ಶಾಲಾ ವ್ಯಾನಿನಲ್ಲಿ ಮಕ್ಕಳು ಹೋಗುವಾಗಲೂ ಬರುವಾಗಲೂ ಆ ಗಾಳಿಯನ್ನೇ ಕುಡಿಯುತ್ತಾರೆ. ಸತ್ತ ಬೂಷ್ಟು ಕೂಡ ಅಲರ್ಜಿ ತರುತ್ತದೆ ಎಂಬುದನ್ನು ಮರೆಯಬಾರದು. ಏನೋ ಹೊಡೆದು ಕೊಂದರೆ ಕೆಲಸ ಮುಗಿಯುವುದಿಲ್ಲ. ಅದನ್ನು ಒರೆಸಿ, ತೆಗೆದು ಹೊರಗೆ ಹಾಕಬೇಕು.

ಚಿಕ್ಕೋಡಿ ಆರ್‌ಟಿಒ ವ್ಯಾಪ್ತಿಯ ತಾಲ್ಲೂಕುಗಳ ಹವೆ ಒಂದೇ ಅಲ್ಲ. ನಿಪ್ಪಾಣಿ ಸಹ್ಯಾದ್ರಿಗೆ ಹತ್ತಿರ. ಅಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಬಿಸಿಲು ಕಾಣದ ದಿನಗಳೇ ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ ಅಥಣಿಯ ಆಚೆ ಸೀಮೆ ದ್ರಾಕ್ಷಿ ಒಣಗಿಸುವ ಸೀಮೆಯಾಗುತ್ತದೆ. ಆದರೆ ಹೊಳೆ ಈ ಲೆಕ್ಕ ಕೇಳುವುದಿಲ್ಲ. ಆಕಾಶ ಬೆಳ್ಳಗಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿದರೆ ಸಾಕು, ವೇದಗಂಗಾ, ದೂಧಗಂಗಾ, ಕೃಷ್ಣಾ ಮೂರೂ ಏರುತ್ತವೆ. ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ ಸೇತುವೆಗಳು ಮುಳುಗಿದ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ.

2005ರ ಮಹಾಪೂರವನ್ನು ಹೊಳೆದಂಡೆಯವರು ಬಹಳ ಕಾಲ ಅಳತೆಗೋಲಾಗಿ ಇಟ್ಟುಕೊಂಡಿದ್ದರು. 2019ರ ಆಗಸ್ಟಿನಲ್ಲಿ, ಸರಿಯಾಗಿ ನಾಗರ ಪಂಚಮಿಯ ಹೊತ್ತಿಗೆ, ಹೊಳೆ ಊರುಗಳೊಳಗೆ ನುಗ್ಗಿತು. ಯಮಗರ್ಣಿ ಬಳಿ ವೇದಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯನ್ನು ನುಂಗಿ ವಾಹನಗಳು ದಿನಗಟ್ಟಲೆ ನಿಂತವು. 2021ರ ಜುಲೈನಲ್ಲಿ ಮತ್ತೊಮ್ಮೆ ಅದೇ ಕಥೆ. ಜನ, ದನ, ಕಾಳುಕಡಿಯನ್ನು ಎತ್ತರಕ್ಕೆ ಸಾಗಿಸುವುದೇ ಮೊದಲ ಕೆಲಸವಾದ್ದರಿಂದ ಅಂಥ ಹೊತ್ತಿನಲ್ಲಿ ಗಾಡಿಯ ಸರದಿ ಕೊನೆಗೆ ಬರುವುದು ಸಹಜ, ನ್ಯಾಯವೂ ಹೌದು. ಆದರೆ ನೀರು ಇಳಿದ ಮರುದಿನದಿಂದ ಗಾಡಿಯ ಮಟ್ಟಿಗೆ ತಾಸುಗಳ ಲೆಕ್ಕ ಶುರುವಾಗುತ್ತದೆ.

ಮಳೆಯ ನೀರಿಗೂ ಹೊಳೆಯ ನೀರಿಗೂ ಬಹಳ ಅಂತರ. ಪೂರದ ನೀರಿನಲ್ಲಿ ರೇವೆ, ಗಟಾರದ ಹೊಲಸು, ತಿಪ್ಪೆಯ ರಸ, ಹೊಲಕ್ಕೆ ಹಾಕಿದ ಗೊಬ್ಬರ, ಔಷಧ ಎಲ್ಲ ಕೂಡಿರುತ್ತವೆ. ಆ ನೀರು ಕುಡಿದ ಸೀಟಿನ ಸ್ಪಂಜನ್ನು ತೊಳೆದು ಉಳಿಸುವ ಪ್ರಯತ್ನಕ್ಕೆ ಹೋಗದಿರುವುದೇ ಲೇಸು, ಹೊಸದು ಹಾಕಿಸಬೇಕು. ಗಾಡಿ ಮುಳುಗಿ ಎದ್ದಿದ್ದರೆ ಕೀಲಿ ತಿರುಗಿಸಿ ನೋಡುವ ಆಸೆಯನ್ನೂ ತಡೆಹಿಡಿಯಬೇಕು. ಎಂಜಿನ್ನಿನೊಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡು ಬಾಗಬಹುದು. ಬ್ಯಾಟರಿ ವೈರು ಬಿಚ್ಚಿ, ನೀರು ಎಲ್ಲಿಯವರೆಗೆ ಏರಿತ್ತೆಂದು ತೋರಿಸುವ ಕೆಸರಿನ ಗೆರೆ ಒರೆಸುವ ಮುಂಚೆಯೇ ಫೋಟೊ ತೆಗೆದು, ವಿಮಾ ಕಂಪನಿಗೆ ತಿಳಿಸಬೇಕು. ಥರ್ಡ್ ಪಾರ್ಟಿ ವಿಮೆಯಷ್ಟೇ ಇದ್ದರೆ ಪೂರದ ಹಾನಿಗೆ ಏನೂ ಬರುವುದಿಲ್ಲ. ಸಮಗ್ರ ವಿಮೆಯಲ್ಲಿ ನೆರೆಹಾನಿ ಸೇರಿರುತ್ತದೆ. ಆದರೆ ನೀರಿದ್ದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಆದ ಹಾನಿಗೆ ಸಾಮಾನ್ಯವಾಗಿ ಎಂಜಿನ್ ಪ್ರೊಟೆಕ್ಟ್ ಎಂಬ ಪ್ರತ್ಯೇಕ ವಿಮಾ ರಕ್ಷಣೆ ಬೇಕಾಗುತ್ತದೆ. ದುರಸ್ತಿಯ ಖರ್ಚು ಗಾಡಿಯ ಘೋಷಿತ ಮೌಲ್ಯದ ನೂರಕ್ಕೆ 75ನ್ನು ಮೀರಿದರೆ ಅದನ್ನು ಟೋಟಲ್ ಲಾಸ್ ಎಂದು ಲೆಕ್ಕ ಹಿಡಿಯುವುದು ರೂಢಿ.

ಪೂರ ಕಾಣದ ಗಾಡಿಗಳಲ್ಲೂ ನೀರು ಸದ್ದಿಲ್ಲದೆ ಸೇರುತ್ತದೆ. ವೈಪರಿನ ಬುಡದ ಜಾಲರಿಯಲ್ಲಿ ಬೇವಿನ ಎಲೆ, ಹುಣಸೆಯ ಎಲೆ ತುಂಬಿ ನೀರಿನ ದಾರಿ ಕಟ್ಟಿಕೊಂಡರೆ ಅದು ಒಳಗೆ ಇಳಿಯುತ್ತದೆ. ಬಾಗಿಲುಗಳ ತಳದಲ್ಲಿ ನೀರು ಹೊರಹೋಗಲೆಂದೇ ಸಣ್ಣ ತೂತುಗಳಿರುತ್ತವೆ, ಕಬ್ಬಿನ ಗದ್ದೆಯ ಕೆಸರು ಅವನ್ನು ಮುಚ್ಚುತ್ತದೆ. ಬಾಗಿಲ ಸುತ್ತಲಿನ ರಬ್ಬರು ಬಿಸಿಲಿಗೆ ಸೆಟೆದು ಬಿರುಕು ಬಿಟ್ಟಿರುತ್ತದೆ. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಕೊಳವೆಗಳೂ ಕಟ್ಟಿಕೊಳ್ಳುತ್ತವೆ. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ಕಾಲಡಿಯ ಗೋಣಿಚೀಲ. ಕೆಸರು ಕಾಲಿನಿಂದ ಮ್ಯಾಟು ಕೆಡದಿರಲೆಂದು ಮಳೆಗಾಲ ಪೂರ್ತಿ ಹಾಸಿಟ್ಟ ಆ ಚೀಲ ನೀರು ಹೀರುತ್ತದೆ, ಹೀರಿದ್ದನ್ನು ಕೆಳಗಿನ ಕಾರ್ಪೆಟ್ಟಿಗೆ ಇಳಿಸುತ್ತದೆ.

ಕಾರ್ಪೆಟ್ಟಿನ ರಚನೆ ಗೊತ್ತಿದ್ದರೆ ಬೂಷ್ಟಿನ ಅರ್ಧ ಗುಟ್ಟು ಬಯಲಾಗುತ್ತದೆ. ಮೇಲೆ ಕಾಣುವುದು ತೆಳ್ಳನೆಯ ಬಟ್ಟೆ. ಅದರ ಕೆಳಗೆ ಸದ್ದು, ಕಾವು ತಡೆಯಲು ದಪ್ಪನೆಯ ಸ್ಪಂಜು ಅಥವಾ ನಾರಿನ ಹಾಸು. ಅದರಡಿ ತಗಡು. ನೀರು ಕೆಳಗಿಳಿದು ತಗಡಿನ ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನ ಬಟ್ಟೆ ಎರಡೇ ದಿನದಲ್ಲಿ ಒಣಗಿ ಕೈಗೆ ಬೆಚ್ಚಗೆ ಹತ್ತುತ್ತದೆ, ಕೆಳಗಿನ ಸ್ಪಂಜು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ನೋಡುವ ಉಪಾಯ ಸುಲಭ. ಹಳೆಯ ಪತ್ರಿಕೆಯ ಒಂದು ಹಾಳೆಯನ್ನು ಕಾಲಿಡುವ ಜಾಗದಲ್ಲಿ ಹಾಸಿ ಹಿಮ್ಮಡಿಯಿಂದ ಚೆನ್ನಾಗಿ ಒತ್ತಿ, ಸ್ವಲ್ಪ ಹೊತ್ತು ಹಾಗೇ ನಿಂತುಕೊಳ್ಳಬೇಕು. ಹಾಳೆಯಲ್ಲಿ ಹಿಮ್ಮಡಿಯ ಆಕಾರದ ಹಸಿ ಗುರುತು ಮೂಡಿದರೆ ಕೆಳಗೆ ನೀರಿದೆ.

ಸೀಟು ಹೊಲಿಯುವ ಕುಶನ್ ಅಂಗಡಿಗಳಲ್ಲಿ ಮಳೆಗಾಲದಲ್ಲಿ ಇಂಥ ಮಾತು ಕೇಳಿಬರುತ್ತಲೇ ಇರುತ್ತದೆ:

“ಮಾಲಕ್ರ, ಮ್ಯಾಲ ಒಣಗೈತ್ರಿ, ಬುಡಕ ನೀರ ನಿಂತೈತಿ. ಸೀಟ ಬಿಚ್ಚಲಾರದ ಈ ವಾಸ್ನಿ ಹೋಗಂಗಿಲ್ರಿ.”

“ಅಷ್ಟೆಲ್ಲಾ ಬ್ಯಾಡೋ ತಮ್ಮಾ, ಛಲೋ ಸೆಂಟ್ ಒಂದ ಹೊಡದ ಕೊಡು.”

ಅಂಗಡಿಯ ಹುಡುಗ ಹೇಳುವುದೇ ಸರಿ. ಸೆಂಟು, ಅಗರಬತ್ತಿ, ಕರ್ಪೂರ ಯಾವುದೂ ಸ್ಪಂಜಿನೊಳಗಿನ ಹನಿಯನ್ನು ಮುಟ್ಟುವುದಿಲ್ಲ. ಸೀಟಿನಡಿ ಡಾಂಬರ ಗುಳಿಗೆ ಇಡುವ ರೂಢಿಯಂತೂ ಬಿಡಲೇಬೇಕಾದದ್ದು. ಮುಚ್ಚಿದ ಗಾಡಿಯಲ್ಲಿ ಅದರ ಆವಿ ತುಂಬಿಕೊಳ್ಳುತ್ತದೆ, ಎಳೆಯ ಮಕ್ಕಳಿಗೆ ಅದು ವಿಷ.

ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೊದಲು ಗುರುತಿಸಿಕೊಳ್ಳಬೇಕು. ಎಸಿ ಹಾಕಿದ ಕೂಡಲೇ ಹುಳಿಹುಳಿ ವಾಸನೆ ಬಂದು ಸ್ವಲ್ಪ ಹೊತ್ತಿಗೆ ತಗ್ಗಿದರೆ ಬೂಷ್ಟು ಇರುವುದು ಡ್ಯಾಶ್‌ಬೋರ್ಡಿನ ಹಿಂದೆ, ಎಸಿಯ ತಣ್ಣನೆಯ ಕಾಯಿಲಿನಲ್ಲಿ. ಗಾಳಿಯ ತೇವ ಅಲ್ಲಿ ಹನಿಗಟ್ಟಿ ಸಣ್ಣ ಕೊಳವೆಯಿಂದ ಗಾಡಿಯ ಕೆಳಗೆ ತೊಟ್ಟಿಕ್ಕಬೇಕು. ಆ ಕೊಳವೆ ಕಟ್ಟಿಕೊಂಡರೆ ನೀರು ಎಡಗಡೆಯ ಮುಂದಿನ ಸೀಟಿನ ಕಾಲಡಿಗೆ ಬರುತ್ತದೆ. ಎಸಿ ಹಾಕಿ ನಿಲ್ಲಿಸಿದ ಗಾಡಿಯ ಕೆಳಗೆ ನೀರಿನ ತೊಟ್ಟು ಕಾಣದಿದ್ದರೆ ಮಿಸ್ತ್ರಿಗೆ ತೋರಿಸುವುದು ಒಳ್ಳೆಯದು. ಬಹಳಷ್ಟು ಕಾರುಗಳಲ್ಲಿ ಗ್ಲೌ ಬಾಕ್ಸಿನ ಹಿಂದೆ ಗಾಳಿ ಸೋಸುವ ಫಿಲ್ಟರ್ ಇರುತ್ತದೆ. ಕಬ್ಬಿನ ರವದಿ ಸುಟ್ಟ ಬೂದಿ, ಹೆದ್ದಾರಿಯ ಧೂಳು ತುಂಬಿ ಕಪ್ಪಾದ ಫಿಲ್ಟರನ್ನು ಬದಲಾಯಿಸಲು ಹೆಚ್ಚು ದುಡ್ಡು ಬೇಕಿಲ್ಲ. ಮನೆ ಇನ್ನೊಂದೆರಡು ಕಿಲೋಮೀಟರು ಇದೆ ಎನ್ನುವಾಗ ಎಸಿ ಆರಿಸಿ, ಫ್ಯಾನು ಮಾತ್ರ ಓಡಿಸಿದರೆ ಕಾಯಿಲು ಒಣಗಿಕೊಳ್ಳುತ್ತದೆ. ಈ ಒಂದು ರೂಢಿ ಮಾಡಿಕೊಂಡವರಿಗೆ ಎಸಿ ವಾಸನೆಯ ಕಾಟ ಬಹಳ ಕಡಿಮೆ.

ಎಸಿಗೆ ಸಂಬಂಧವಿಲ್ಲದೆ, ಬಿಸಿಲಿಗೆ ನಿಂತಾಗ ವಾಸನೆ ಹೆಚ್ಚಾದರೆ ಅದು ನೆಲದ್ದು ಇಲ್ಲವೇ ಸೀಟಿನದ್ದು.

ತೊಳೆಯುವ ಕೆಲಸವನ್ನು ಗಾಡಿಯ ಎಲ್ಲ ಬಾಗಿಲು ತೆರೆದು ಬಯಲಲ್ಲಿ ಮಾಡಬೇಕು. ಮೂಗಿಗೆ ಎನ್95 ಮಾಸ್ಕ್, ಕೈಗೆ ರಬ್ಬರ್ ಗವಸು. ಉಬ್ಬಸ ಇರುವವರು, ಮಕ್ಕಳು ಆ ಕಡೆ ಸುಳಿಯಬಾರದು. ಒಣ ಬ್ರಷ್ಷಿನಿಂದ ತಿಕ್ಕಿದರೆ ಬೀಜಕಣ ಗಾಡಿ ತುಂಬ ಹಾರುತ್ತವೆ. ಆದ್ದರಿಂದ ಮೊದಲು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆದು, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಎಸೆಯಬೇಕು. ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಸಿಕ್ಕರೆ ಉತ್ತಮ. ಸಾದಾ ವ್ಯಾಕ್ಯೂಮು ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಊದುತ್ತದೆ. ಪ್ಲಾಸ್ಟಿಕ್ಕು, ರೆಕ್ಸಿನ್ನು, ತಗಡಿನ ಭಾಗಗಳಿಗೆ ಸೋಪಿನ ನೀರು ಸಾಕು. ಆಮೇಲೆ ಕಿರಾಣಿ ಅಂಗಡಿಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಸಿಂಪಡಿಸಿ, ಕಾಲು ತಾಸು ಬಿಟ್ಟು ಒರೆಸಬಹುದು. ಬಣ್ಣ ಬಿಡುತ್ತದೆಯೋ ಎಂದು ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಬೇಕು. ಬಟ್ಟೆಯ ಸೀಟಿಗೆ ನೊರೆ ಹೆಚ್ಚು, ನೀರು ಕಡಿಮೆ. ತಿಕ್ಕಿದ ಕೂಡಲೇ ಹೀರಿ ತೆಗೆಯುವ ಮಷೀನು ಇರುವ ವಾಷಿಂಗ್ ಸೆಂಟರಿಗೆ ಕೊಟ್ಟರೆ ಕೆಲಸ ಚೊಕ್ಕಟ. ಮೇಲ್ಛಾವಣಿಯ ಒಳಬಟ್ಟೆ ಅಂಟಿನ ಮೇಲೆ ನಿಂತದ್ದು. ಹೆಚ್ಚು ಒದ್ದೆ ಮಾಡಿದರೆ ಜೋತುಬೀಳುತ್ತದೆ.

ಸೀಟ್ ಬೆಲ್ಟಿಗೆ ತುಸು ಹೆಚ್ಚು ಎಚ್ಚರ ಬೇಕು. ಪೂರ್ತಿ ಹೊರಗೆಳೆದು, ಹಿಂದೆ ಸರಿಯದಂತೆ ಕ್ಲಿಪ್ ಹಾಕಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬ್ಲೀಚು ಅದರ ಎಳೆಗಳನ್ನು ದುರ್ಬಲ ಮಾಡುತ್ತದೆ. ದುರ್ಬಲವಾದ ಬೆಲ್ಟು ನೋಡಲು ಗಟ್ಟಿಯಾಗಿಯೇ ಇದ್ದು ಅಪಘಾತದ ಹೊತ್ತಿಗೆ ಕೈಕೊಡುತ್ತದೆ. ಬ್ಲೀಚನ್ನು ಬಟ್ಟೆಗೂ ಚರ್ಮಕ್ಕೂ ಹಾಕಬಾರದು. ವಿನೆಗರ್ ಜೊತೆ ಬೆರೆಸಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಗಾಡಿಯಂಥ ಚಿಕ್ಕ ಜಾಗದಲ್ಲಿ ಅದು ಪ್ರಾಣಕ್ಕೇ ಅಪಾಯ. ಕಲೆ ತೆಗೆಯಲು ಪೆಟ್ರೋಲು, ಸೀಮೆಎಣ್ಣೆ ಹಚ್ಚಿ ಒರೆಸುವುದು ಬೆಂಕಿಯ ಜೊತೆ ಸರಸ. ಪ್ರೆಷರ್ ಗನ್ನಿನ ನೀರನ್ನು ಕ್ಯಾಬಿನ್ನಿನೊಳಗೆ ಹೊಡೆಯಲು ಬಿಡಲೇಬಾರದು. ಸೀಟಿನಡಿ, ಗೇರಿನ ಹತ್ತಿರ ಏರ್‌ಬ್ಯಾಗಿನ ವೈರು, ಕಂಪ್ಯೂಟರ್ ಡಬ್ಬಿಗಳಿರುತ್ತವೆ. ಅದೇ ಕಾರಣಕ್ಕೆ ಏರ್‌ಬ್ಯಾಗ್ ಇರುವ ಕಾರಿನ ಸೀಟನ್ನು ಮನೆಯಲ್ಲಿ ಬಿಚ್ಚದೆ ಬಲ್ಲ ಮಿಸ್ತ್ರಿಯಿಂದಲೇ ಬಿಚ್ಚಿಸಬೇಕು. ಅಲ್ಲಿನ ಹಳದಿ ಬಣ್ಣದ ಕನೆಕ್ಟರುಗಳು ಆಟದ ವಸ್ತುಗಳಲ್ಲ.

ತೊಳೆಯುವುದಕ್ಕಿಂತ ಒಣಗಿಸುವುದು ದೊಡ್ಡ ಕೆಲಸ, ಇಡೀ ವಿಷಯದ ಜೀವಾಳವೂ ಅದೇ. ಅಥಣಿ ಸೀಮೆಯಲ್ಲಿ ಒಣದ್ರಾಕ್ಷಿ ಮಾಡುವವರು ಗೊನೆಗಳನ್ನು ನೇರ ಬಿಸಿಲಿಗೆ ಹರಡುವುದಿಲ್ಲ. ಸುತ್ತ ಗಾಳಿಯಾಡುವ ಶೆಡ್ಡಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ನೆರಳಲ್ಲಿ ಒಣಗಿಸುತ್ತಾರೆ. ತೇವವನ್ನು ಹೊತ್ತೊಯ್ಯುವುದು ಸುಳಿದಾಡುವ ಗಾಳಿ ಎಂಬುದು ಅವರ ನಿತ್ಯದ ಅನುಭವ, ಗಾಡಿಗೂ ಬೇಕಾದದ್ದು ಅದೇ. ಕಾರ್ಪೆಟ್ಟಿನ ಅಂಚು ಎತ್ತಿ ಕೆಳಗೆ ಇಟ್ಟಿಗೆಯ ಚೂರು ಕೊಟ್ಟು, ಒಂದು ಬಾಗಿಲಿಗೆ ಟೇಬಲ್ ಫ್ಯಾನು ಇಟ್ಟು, ಎದುರಿನ ಬಾಗಿಲು ತೆರೆದಿಡಬೇಕು. ಬಿಸಿಲಿದ್ದರೆ ಮ್ಯಾಟು, ಸೀಟಿನ ಕವರು ಹೊರಗೆ ಹಾಕಬೇಕು. ನಿಪ್ಪಾಣಿಯ ಕಡೆ ಬಿಸಿಲೇ ಇಲ್ಲದ ವಾರಗಳಲ್ಲಿ ಹೀಟರು, ಎಸಿ ಎರಡನ್ನೂ ಒಟ್ಟಿಗೆ ಹಾಕಿ ಒಂದಷ್ಟು ದೂರ ಓಡಿಸಿಕೊಂಡು ಬಂದರೆ ಒಳ್ಳೆಯ ಫಲ. ಹೀಟರು ತೇವವನ್ನು ಎಬ್ಬಿಸುತ್ತದೆ, ಎಸಿ ಅದನ್ನು ಹಿಡಿದು ಹೊರಗೆ ಹರಿಸುತ್ತದೆ. ಇದನ್ನು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಹಾಕಿ ನಿಲ್ಲಿಸಿಕೊಂಡು ಮಾಡಬಾರದು. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಮಳೆಗಾಲ ಪೂರ್ತಿ ನಿಲ್ಲುವ ಗಾಡಿಗೆ ಮುಂಚಿತವಾಗಿಯೇ ಮಾಡುವ ಕೆಲಸ ಸುಲಭ. ಹಂಗಾಮು ಮುಗಿದ ಮೇಲೆ, ಬೇಸಿಗೆಯ ಬಿಸಿಲು ಇರುವಾಗಲೇ ಕ್ಯಾಬಿನ್ ಗುಡಿಸಿ, ರಗ್ಗು, ಕಂಬಳಿ, ಗೋಣಿಚೀಲ ಎಲ್ಲ ಹೊರಗೆ ತೆಗೆಯಬೇಕು. ಡ್ಯಾಶ್‌ಬೋರ್ಡಿನ ದೇವರಿಗೆ ಏರಿಸಿದ ಹೂವಿನ ಹಾರ ಬಾಡಿದ ದಿನವೇ ತೆಗೆದರೆ ಅಲ್ಲೊಂದು ಬೂಷ್ಟಿನ ಗೂಡು ತಪ್ಪುತ್ತದೆ. ಹೊಸ ಕಾರಿನ ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವವರಿದ್ದಾರೆ. ಅದರಡಿ ಬೆವರು, ತೇವ ಸಿಕ್ಕಿಬೀಳುತ್ತದೆ. ಒದ್ದೆ ಗಾಡಿಗೆ ತಾಡಪತ್ರಿ ಹೊದಿಸಬಾರದು. ಹೊದಿಸಲೇಬೇಕಾದರೆ ಬದಿಗಳಲ್ಲಿ ಗಾಳಿಗೆ ಜಾಗ ಬಿಡಬೇಕು. ಮಳೆ ಬಿಡುವು ಕೊಟ್ಟ ದಿನ ತಾಡಪತ್ರಿ ಸರಿಸಿ, ಬಾಗಿಲು ತೆರೆದು ಒಂದೆರಡು ತಾಸು ಗಾಳಿಗೆ ಬಿಟ್ಟರೆ ಸಾಕು. ಪುಣೆ, ಮುಂಬೈಯಲ್ಲಿ ದುಡಿಯುತ್ತ ಊರಲ್ಲಿ ಗಾಡಿ ಬಿಟ್ಟವರು ಕೀಲಿಯನ್ನು ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು ಹೋಗುವುದು ಇದೇ ಕಾರಣಕ್ಕೆ ಬೇಕು.

ಹಳೆಯ ಗಾಡಿ ಕೊಳ್ಳುವವರಿಗೂ ಒಂದು ಮಾತು. ಈ ತಾಲ್ಲೂಕುಗಳಿಗೆ ಹತ್ತಿರದ ದೊಡ್ಡ ಪೇಟೆಗಳಾದ ಕೊಲ್ಹಾಪುರ, ಸಾಂಗ್ಲಿ ಎರಡೂ 2005, 2019, 2021ರಲ್ಲಿ ನೀರು ಕಂಡ ಊರುಗಳು. ಅಮೆರಿಕದ ಹಲವು ರಾಜ್ಯಗಳಲ್ಲಿ ನೆರೆಯಲ್ಲಿ ಮುಳುಗಿ ಟೋಟಲ್ ಲಾಸ್ ಆದ ಗಾಡಿಯ ದಾಖಲೆಯ ಮೇಲೆ ಆ ಗುರುತು ಬೀಳುತ್ತದೆ. ನಮ್ಮ ಆರ್‌ಸಿಯಲ್ಲಿ ಅಂಥ ಕಾಲಮ್ಮು ಇಲ್ಲ, ಇರಬೇಕಾದದ್ದು. ಅದು ಬರುವವರೆಗೆ ಕೊಳ್ಳುವವರೇ ಬಗ್ಗಿ ನೋಡಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಒಳಗಿನ ಸುರುಳಿಯಲ್ಲಿ ಕೆಸರಿನ ಗೆರೆ ಕಾಣಬಹುದು. ಅಷ್ಟು ದೂರ ತೊಳೆಯಲು ಯಾರಿಗೂ ನೆನಪಾಗುವುದಿಲ್ಲ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿಯ ತಗ್ಗು, ಸೀಟಿನಡಿಯ ಬೋಲ್ಟಿನ ತುಕ್ಕು, ಹೆಡ್‌ಲೈಟಿನೊಳಗಿನ ರೇವೆ ನೋಡಬೇಕು. ಗಾಜು ಏರಿಸಿ ಒಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ಉಸಿರೆಳೆಯಬೇಕು. ಸೆಂಟಿನ ವಾಸನೆ ಮೂಗಿಗೆ ರಾಚುತ್ತಿದ್ದರೆ, ಅದನ್ನು ಏಕೆ ಹೊಡೆದಿದ್ದಾರೆಂದು ಕೇಳಬೇಕು. ಹಳೆಯ ವಿಮೆ ಕ್ಲೇಮಿನ ಕಾಗದ ತೋರಿಸಿ ಎನ್ನಲು ಸಂಕೋಚ ಬೇಡ.

ಇನ್ನು ಖಂಡೆ ಪೂಜೆ. ಮಹಾನವಮಿಗೆ ಗಾಡಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕಬ್ಬು, ಬಾಳೆಕಂಬ ಕಟ್ಟುವ ಹಬ್ಬ. ಹಿಂದಿನ ದಿನ ಸಂಜೆ ವಾಷಿಂಗ್ ಸೆಂಟರುಗಳ ಮುಂದೆ ಸಾಲು ನಿಂತಿರುತ್ತದೆ. ಅವಸರದಲ್ಲಿ ಒಳಗೂ ಹೊರಗೂ ನೀರು ಹೊಡೆದು, ಗಾಜು ಏರಿಸಿ ಮನೆಗೆ ತರುತ್ತಾರೆ. ಹಸ್ತ ಮಳೆಯ ತೇವ ಇನ್ನೂ ಗಾಳಿಯಲ್ಲಿ ಇರುವ ಕಾಲ ಅದು. ಒಳಗಿನ ಕೆಲಸವನ್ನು ಘಟಸ್ಥಾಪನೆಯ ಆಸುಪಾಸಿನಲ್ಲೇ ಮುಗಿಸಿ, ಹೊರಗಿನ ತೊಳೆತವನ್ನಷ್ಟೇ ಹಬ್ಬದ ಹಿಂದಿನ ದಿನಕ್ಕೆ ಇಟ್ಟುಕೊಂಡರೆ ಕಾರ್ಪೆಟ್ಟಿಗೆ ಒಣಗಲು ಒಂದು ವಾರ ಸಿಗುತ್ತದೆ. ಅದೇ ವಾರದಲ್ಲಿ ವೈಪರಿನ ಬುಡದ ಎಲೆ, ಬಾಗಿಲ ತಳದ ತೂತು, ಎಸಿಯ ಕೊಳವೆ ಮೂರನ್ನೂ ಮಿಸ್ತ್ರಿಯ ಹತ್ತಿರ ಒಮ್ಮೆ ನೋಡಿಸಿಕೊಂಡರೆ, ಕಬ್ಬಿನ ಹಂಗಾಮಿಗೆ ಗಾಡಿ ತಯಾರು.